ಬೋರ್‌ವೆಲ್ ನೀರಿನ ಈಜುಕೊಳ: ಮೊದಲು ಆಲ್ಕಲಿನಿಟಿ, ಕ್ಲೋರಿನ್ ಆಮೇಲೆ

ಮನೆಯ ಪೂಲ್‌ಗೆ ಏನೇನು ಹಾಕಬೇಕು ಎಂದು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವುದು ಹೆಚ್ಚಾಗಿ ಮೆದು ನೀರಿನ ಊರುಗಳಿಗೆ ಬರೆದ ಸಲಹೆ. ಅಡುಗೆ ಸೋಡಾ ಹಾಕಿ ಆಲ್ಕಲಿನಿಟಿ (ನೀರಿನ ಕ್ಷಾರೀಯತೆ, ಮುಖ್ಯವಾಗಿ ಅದರಲ್ಲಿ ಕರಗಿದ ಬೈಕಾರ್ಬೊನೇಟ್) ಏರಿಸಿ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಗಡಸುತನ ಏರಿಸಿ ಎನ್ನುತ್ತದೆ. ಬೆಂಗಳೂರಿನ ಹೊರವಲಯ, ಕೋಲಾರ, ತುಮಕೂರಿನ ಕಡೆ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ತುಂಬಿಸಿದವರು ಇದನ್ನು ಪಾಲಿಸಿದರೆ ನೀರು ಸುಣ್ಣ ಕಲಸಿದಂತೆ ಮಬ್ಬಾಗುತ್ತದೆ, ಟೈಲ್ಸ್ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ನಮ್ಮ ನೀರಿನಲ್ಲಿ ಇವೆರಡೂ ಮೊದಲೇ ಜಾಸ್ತಿ. ಗೀಸರ್ ಕಾಯಿಲ್ ಮೇಲೆ ಪದರ ಕಟ್ಟುವ ನೀರೇ ಪೂಲ್‌ಗೂ ಹೋಗುತ್ತಿರುವುದು. ಹಾಗಾಗಿ ನಮ್ಮ ಕೆಲಸ ಏರಿಸುವುದಲ್ಲ, ಇಳಿಸುವುದು.

ಕರಾವಳಿಯವರ ಲೆಕ್ಕ ಬೇರೆ. ಮುರಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಅಲ್ಲಿ ಅಡುಗೆ ಸೋಡಾದ ಸಲಹೆ ಸರಿಯೇ. 40,000 ಲೀಟರಿನ ಪೂಲ್‌ನಲ್ಲಿ ಆಲ್ಕಲಿನಿಟಿ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರಲು ಸುಮಾರು 700 ಗ್ರಾಂ ಸೋಡಾ ಬೇಕು. ಇನ್ನು ಮುಂದೆ ಹೇಳುವುದು ಗಡಸು ನೀರಿನವರಿಗೆ. ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಅಂಥ ಬೇಸಿಗೆಯಲ್ಲಿ ಒಮ್ಮೆ ತುಂಬಿದ ನೀರನ್ನು ಚೆಲ್ಲದೆ ವರ್ಷಗಟ್ಟಲೆ ಉಳಿಸಿಕೊಳ್ಳುವುದೇ ಜಾಣತನ.

ಮೊದಲು ನಿಮ್ಮ ಪೂಲ್‌ನಲ್ಲಿ ಎಷ್ಟು ನೀರಿದೆ ಎಂಬುದನ್ನು ಲೆಕ್ಕ ಹಾಕಿ. ಮೀಟರ್‌ನಲ್ಲಿ ಉದ್ದ, ಅಗಲ, ಸರಾಸರಿ ಆಳ ಗುಣಿಸಿ 1,000ದಿಂದ ಗುಣಿಸಿದರೆ ಲೀಟರ್. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದು ಕಡೆ 1 ಮೀಟರ್, ಇನ್ನೊಂದು ಕಡೆ 1.5 ಮೀಟರ್ ಆಳ ಇದ್ದರೆ ಸರಾಸರಿ 1.25, ಒಟ್ಟು 40,000 ಲೀಟರ್. ಓವರ್‌ಫ್ಲೋ ಪೂಲ್ ಆದರೆ ಬ್ಯಾಲೆನ್ಸಿಂಗ್ ಟ್ಯಾಂಕಿನ ನೀರನ್ನೂ ಸೇರಿಸಿ. ಇಲ್ಲಿನ ಎಲ್ಲ ಅಳತೆಯೂ ಈ 40,000 ಲೀಟರಿಗೆ. ನಿಮ್ಮದು 20,000 ಆದರೆ ಅರ್ಧ ಹಾಕಿ.

ಆಮೇಲೆ ಟೆಸ್ಟ್ ಕಿಟ್. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎರಡು ಬಾಟಲಿಯ ಕಿಟ್‌ನಲ್ಲಿ ಕ್ಲೋರಿನ್‌ಗೆ ಇರುವುದು ಓಟಿಓ ದ್ರಾವಣ, ನೀರು ಹಳದಿಯಾಗುತ್ತದೆ. ಅದು ತೋರಿಸುವುದು ಒಟ್ಟು ಕ್ಲೋರಿನ್ ಮಾತ್ರ. ಕೆಲಸ ಮಾಡುವ ಕ್ಲೋರಿನ್ ಎಷ್ಟು, ಬೆವರು ಮೂತ್ರದ ಜೊತೆ ಸೇರಿ ಕೆಟ್ಟುಹೋದದ್ದು ಎಷ್ಟು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಡಿಪಿಡಿ ಕಿಟ್ ತೆಗೆದುಕೊಳ್ಳಿ, ಅದರಲ್ಲಿ ಗುಲಾಬಿ ಬಣ್ಣ ಬರುತ್ತದೆ, ಫ್ರೀ (ಕೆಲಸ ಮಾಡುವ) ಮತ್ತು ಟೋಟಲ್ (ಒಟ್ಟು) ಎರಡನ್ನೂ ಬೇರೆ ಬೇರೆ ಅಳೆಯಬಹುದು. ಅದರ ಜೊತೆ ಆಲ್ಕಲಿನಿಟಿ, ಗಡಸುತನ, ಸಯನ್ಯೂರಿಕ್ ಆಸಿಡ್ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಕಾಯುವ ವಸ್ತು) ಈ ಮೂರರ ಪರೀಕ್ಷೆಯೂ ಬೇಕು. ಆಲ್ಕಲಿನಿಟಿ, ಗಡಸುತನಕ್ಕೆ ಅಕ್ವೇರಿಯಂ ಅಂಗಡಿಯ ಕೆಎಚ್, ಜಿಎಚ್ ಕಿಟ್ ಕೂಡ ನಡೆಯುತ್ತದೆ. ಅದರ ಒಂದು ಡಿಗ್ರಿ ಎಂದರೆ ಸುಮಾರು 18 ಪಿಪಿಎಂ. ನೀರನ್ನು ಮೊಣಕೈ ಮುಳುಗುವಷ್ಟು ಆಳದಿಂದ, ರಿಟರ್ನ್ ನಳಿಕೆಯಿಂದ (ಸೋಸಿದ ನೀರು ಪೂಲ್‌ಗೆ ಮರಳುವ ಬಾಯಿ) ದೂರದಲ್ಲಿ ತೆಗೆಯಿರಿ. ಮೇಲ್ಮೈ ನೀರಿನಲ್ಲಿ ಎಣ್ಣೆ, ದೂಳು ಇರುವುದರಿಂದ ಲೆಕ್ಕ ತಪ್ಪುತ್ತದೆ.

ಟೆಸ್ಟ್ ಕಿಟ್‌ನ ಎರಡು ಮೋಸಗಳು ತಿಳಿದಿರಲಿ. ಕ್ಲೋರಿನ್ ತುಂಬ ಹೆಚ್ಚಿದ್ದರೆ ಡಿಪಿಡಿಯ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಮಾಯವಾಗುತ್ತದೆ, ನೋಡಿದವರು ಕ್ಲೋರಿನ್ನೇ ಇಲ್ಲ ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಕ್ಲೋರಿನ್ 10 ಪಿಪಿಎಂ ದಾಟಿದರೆ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಂಕಿ) ಅಳೆಯುವ ಫಿನಾಲ್ ರೆಡ್ ದ್ರಾವಣ ನೇರಳೆಗೆ ತಿರುಗಿ ಪಿಎಚ್ ವಿಪರೀತ ಹೆಚ್ಚಿದೆ ಎಂದು ತೋರಿಸುತ್ತದೆ. ಅದನ್ನು ನಂಬಿ ಆಸಿಡ್ ಹಾಕಬೇಡಿ.

ಈಗ ಮುಖ್ಯ ವಿಷಯ. ಬೆಳಿಗ್ಗೆ ಆಸಿಡ್ ಹಾಕಿ ಪಿಎಚ್ 7.5ಕ್ಕೆ ತಂದಿರುತ್ತೀರಿ, ಎರಡೇ ದಿನಕ್ಕೆ ಮತ್ತೆ 8.2. ತಿಂಗಳಿಡೀ ಇದೇ ಪಾಡು. ಕಾರಣ ಆಲ್ಕಲಿನಿಟಿ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ತುಂಬ ಇರುತ್ತದೆ. ಆಸಿಡ್ ಬಿದ್ದಾಗ ಅದರಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿ ನೀರಿನಲ್ಲೇ ಕರಗಿ ಕೂರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಗ್ಯಾಸ್ ಹೋಗುವ ಹಾಗೆ ಅದು ನಿಧಾನವಾಗಿ ಗಾಳಿಗೆ ಹೋಗುತ್ತದೆ, ಹೋದಂತೆಲ್ಲ ಪಿಎಚ್ ಏರುತ್ತದೆ. ಆಲ್ಕಲಿನಿಟಿ 300 ಇರುವವರೆಗೆ ಪಿಎಚ್‌ನ ಬೆನ್ನು ಹತ್ತಿ ಪ್ರಯೋಜನವಿಲ್ಲ. ಮೊದಲು ಅದನ್ನು 80ರ ಹತ್ತಿರಕ್ಕೆ ಇಳಿಸಬೇಕು.

ಇದಕ್ಕೆ ಬೇಕಾಗುವುದು ಅಂಗಡಿಯ 30-33 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್ ಮತ್ತು ಗಾಳಿ. 40,000 ಲೀಟರಿನಲ್ಲಿ ಆಲ್ಕಲಿನಿಟಿ 10 ಪಿಪಿಎಂ ಇಳಿಯಲು ಸುಮಾರು 800 ಮಿಲಿ ಆಸಿಡ್ ಬೇಕು. 300ರಿಂದ 80ಕ್ಕೆ ಎಂದರೆ ಹತ್ತಿರ ಹತ್ತಿರ 18 ಲೀಟರ್. ಅಷ್ಟನ್ನೂ ಒಮ್ಮೆಲೇ ಸುರಿದರೆ ಪಿಎಚ್ ಪಾತಾಳಕ್ಕೆ ಹೋಗಿ ಟೈಲ್ಸ್ ಸಂದಿನ ಗ್ರೌಟ್, ಪಂಪಿನ ಶಾಫ್ಟ್, ಹೀಟರಿನ ತಾಮ್ರ ಎಲ್ಲವನ್ನೂ ತಿನ್ನುತ್ತದೆ. ಸುತ್ತು ಸುತ್ತಾಗಿ ಮಾಡಬೇಕು.

ಪಂಪ್ ಓಡುತ್ತಿರಲಿ. ಹೀಟರ್ ಇದ್ದರೆ ಬೈಪಾಸ್ ಮಾಡಿ. ಬಕೆಟ್ಟಿನಲ್ಲಿ ಮುಕ್ಕಾಲು ಪಾಲು ಪೂಲ್ ನೀರು ತೆಗೆದುಕೊಂಡು ಅದಕ್ಕೆ 1 ಲೀಟರ್ ಆಸಿಡ್ ನಿಧಾನವಾಗಿ ಸೇರಿಸಿ. ಆಸಿಡ್ ಯಾವಾಗಲೂ ನೀರಿಗೆ ಬೀಳಬೇಕು, ನೀರು ಆಸಿಡ್‌ಗೆ ಅಲ್ಲ. ಗಾಳಿ ಬೆನ್ನ ಕಡೆಯಿಂದ ಬರುವಂತೆ ನಿಂತು ಆಳದ ಭಾಗದಲ್ಲಿ ರಿಟರ್ನ್ ನಳಿಕೆಯ ಎದುರು ತೆಳ್ಳಗೆ ಸುರಿಯಿರಿ. ಕನ್ನಡಕ, ರಬ್ಬರ್ ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಧ ಗಂಟೆ ಬಿಟ್ಟು ಪಿಎಚ್ ನೋಡಿ. 7.2 ಆಗುವವರೆಗೆ ಹೀಗೆ ಸೇರಿಸಿ, 7.0ಕ್ಕಿಂತ ಕೆಳಗೆ ಬಿಡಬೇಡಿ. ಆಲ್ಕಲಿನಿಟಿ 300 ಇರುವಾಗ ಮೊದಲ ಸುತ್ತಿಗೆ 2ರಿಂದ 3 ಲೀಟರ್ ಹಿಡಿಯುತ್ತದೆ. ಆಮೇಲೆ ನಳಿಕೆಗಳನ್ನು ಮೇಲ್ಮುಖ ಮಾಡಿ ನೀರು ಉಕ್ಕುವಂತೆ ಬಿಡಿ, ಜಲಪಾತವೋ ಕಾರಂಜಿಯೋ ಇದ್ದರೆ ಹಾಕಿ. ಗಾಳಿಯಾಡಿದಂತೆ ಪಿಎಚ್ ತಾನೇ 7.8ರತ್ತ ಏರುತ್ತದೆ, ಆದರೆ ಇಳಿದ ಆಲ್ಕಲಿನಿಟಿ ಮತ್ತೆ ಏರುವುದಿಲ್ಲ. ಇಡೀ ವಿದ್ಯೆ ಇರುವುದು ಇಷ್ಟರಲ್ಲೇ. ಮತ್ತೆ ಆಸಿಡ್, ಮತ್ತೆ ಗಾಳಿ. ಹತ್ತು ಸುತ್ತಿನ ಆಸುಪಾಸಿನಲ್ಲಿ, ಅಂದರೆ ಎರಡು ಮೂರು ವಾರದಲ್ಲಿ 80ಕ್ಕೆ ಬರುತ್ತದೆ. ಆಲ್ಕಲಿನಿಟಿ ಇಳಿದಂತೆ ಪ್ರತಿ ಸುತ್ತಿಗೂ ಆಸಿಡ್ ಕಡಿಮೆ ಸಾಕಾಗುತ್ತದೆ, ಹಳೇ ಅಳತೆಯಲ್ಲೇ ಸುರಿಯುತ್ತಾ ಹೋಗಬೇಡಿ.

ಆಸಿಡ್ಡನ್ನು ಒಂದೇ ಕಡೆ ಕಂಬದ ಹಾಗೆ ಸುರಿದರೆ ಆಲ್ಕಲಿನಿಟಿ ಇಳಿಯುತ್ತದೆ, ಸುತ್ತಲೂ ಚೆಲ್ಲಿದರೆ ಪಿಎಚ್ ಇಳಿಯುತ್ತದೆ ಎಂಬ ಮಾತು ಪೂಲ್ ಕೆಲಸದವರಲ್ಲಿ ಬಹಳ ಓಡಾಡುತ್ತದೆ. ಅದು ತಪ್ಪು. ಹೇಗೆ ಸುರಿದರೂ ಎರಡೂ ಇಳಿಯುತ್ತವೆ. ಒಂದೇ ಕಡೆ ಸುರಿದರೆ ತಳದ ಗ್ರೌಟ್ ಹಾಳಾಗುವುದು ಹೆಚ್ಚುವರಿ ನಷ್ಟ.

ಗಡಸುತನವನ್ನು ಆಸಿಡ್‌ನಿಂದ ಇಳಿಸಲು ಆಗುವುದಿಲ್ಲ. 600 ಇದ್ದರೆ 600ರ ಜೊತೆಗೇ ಬಾಳುವುದನ್ನು ಕಲಿಯಬೇಕು, ಅದು ಸಾಧ್ಯವೂ ಹೌದು. ಸುಣ್ಣ ಕಟ್ಟುತ್ತದೋ ಇಲ್ಲವೋ ಎಂದು ಹೇಳುವುದು ಲ್ಯಾಂಗ್ಲಿಯರ್ ಸೂಚ್ಯಂಕ: ಪಿಎಚ್‌ಗೆ ಉಷ್ಣತೆಯ ಅಂಕ, ಗಡಸುತನದ ಅಂಕ, ಆಲ್ಕಲಿನಿಟಿಯ ಅಂಕ (ಇವು ಸೂಚ್ಯಂಕದ ಪಟ್ಟಿಯಲ್ಲಿ ಸಿಗುತ್ತವೆ) ಕೂಡಿಸಿ 12.1 ಕಳೆಯಬೇಕು. ಉತ್ತರ -0.3ರಿಂದ +0.3ರ ನಡುವೆ ಇದ್ದರೆ ಕ್ಷೇಮ. 28 ಡಿಗ್ರಿ ನೀರಿಗೆ 0.7, 600 ಗಡಸುತನಕ್ಕೆ 2.4. ಬೋರ್‌ವೆಲ್‌ನಿಂದ ಬಂದ ಹಾಗೇ ಆಲ್ಕಲಿನಿಟಿ 300, ಅದರ ಅಂಕ 2.5, ಪಿಎಚ್ 7.8 ಇದ್ದರೆ ಒಟ್ಟು +1.3. ಸುಣ್ಣ ಕಟ್ಟದೆ ಇರುವುದೇ ಇಲ್ಲ. ಅದೇ ನೀರಿನಲ್ಲಿ ಆಲ್ಕಲಿನಿಟಿ 80, ಅಂಕ 1.9, ಪಿಎಚ್ 7.4 ಮಾಡಿದರೆ +0.3. ಗಡಸುತನ ಒಂದಿಷ್ಟೂ ಬದಲಾಗಿಲ್ಲ, ಆದರೂ ನೀರು ತಿಳಿಯಾಗಿರುತ್ತದೆ. ಸಯನ್ಯೂರಿಕ್ ಆಸಿಡ್ ಇರುವ ನೀರಿನಲ್ಲಿ ಅದರ ಮೂರನೇ ಒಂದು ಪಾಲನ್ನು ಆಲ್ಕಲಿನಿಟಿಯಿಂದ ಕಳೆದು ಈ ಲೆಕ್ಕ ಮಾಡಿ.

ಸಾಫ್ಟನರ್‌ನಿಂದ ಹಾಯಿಸಿ ತುಂಬಿದರೆ ಆಗದೇ ಎಂದರೆ, ಗಡಸುತನ ಇಳಿಯುತ್ತದೆ, ಆಲ್ಕಲಿನಿಟಿ ಹಾಗೇ ಉಳಿಯುತ್ತದೆ. ಆಸಿಡ್ ಕೆಲಸ ತಪ್ಪುವುದಿಲ್ಲ. ಉಪ್ಪಿನಿಂದ ಕ್ಲೋರಿನ್ ಮಾಡುವ ಯಂತ್ರ ಹಾಕಿಸುವ ಯೋಚನೆ ಇದ್ದರೆ ಗಡಸುತನ ಮೊದಲು ನೋಡಿಕೊಳ್ಳಿ, ಇಂಥ ನೀರಿನಲ್ಲಿ ಅದರ ಸೆಲ್ ಪ್ಲೇಟುಗಳಿಗೆ ಬೇಗ ಸುಣ್ಣ ಮೆತ್ತಿಕೊಳ್ಳುತ್ತದೆ.

ಪಿಎಚ್ ನೆಟ್ಟಗಾದ ಮೇಲೆ ಕ್ಲೋರಿನ್. ಸಯನ್ಯೂರಿಕ್ ಆಸಿಡ್ ಇಲ್ಲದ ನೀರಿನಲ್ಲಿ ಪಿಎಚ್ 7.5 ಇದ್ದಾಗ ಕ್ಲೋರಿನ್‌ನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ, 8.0 ಆದರೆ ಕಾಲು ಭಾಗದ ಹತ್ತಿರಕ್ಕೆ ಇಳಿಯುತ್ತದೆ. 8.2ರಲ್ಲಿ ಕ್ಲೋರಿನ್ ಹಾಕುತ್ತಾ ಹೋಗುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಯಾವ ಕ್ಲೋರಿನ್ ಎಂಬುದರಲ್ಲಿ ಗಡಸು ನೀರಿನವರು ತುಂಬ ಎಚ್ಚರ ವಹಿಸಬೇಕು. ಬ್ಲೀಚಿಂಗ್ ಪೌಡರ್ ಅಗ್ಗ, ಆದರೆ ಅದರಲ್ಲಿ ಕ್ಲೋರಿನ್ ಮೂರನೇ ಒಂದು ಭಾಗ ಮಾತ್ರ, ಮಿಕ್ಕದ್ದು ಬಹುತೇಕ ಸುಣ್ಣ. ಬೋರ್‌ವೆಲ್ ನೀರಿನ ಪೂಲ್‌ಗೆ ಅದನ್ನು ಹಾಕಲೇಬೇಡಿ. 65 ಶೇಕಡಾದ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಶುದ್ಧವೇ, ಆದರೂ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಗಡಸುತನವನ್ನೂ 7 ಪಿಪಿಎಂ ಏರಿಸುತ್ತದೆ. ಟಿಸಿಸಿಎ 90, ಅಂದರೆ 200 ಗ್ರಾಮಿನ ಬಿಳಿ ಬಿಲ್ಲೆ, ಆಮ್ಲೀಯವಾದ್ದರಿಂದ ನಮ್ಮ ನೀರಿಗೆ ಒಂದು ಲೆಕ್ಕದಲ್ಲಿ ಅನುಕೂಲ. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್‌ಗೆ 6 ಪಿಪಿಎಂ ಸಯನ್ಯೂರಿಕ್ ಆಸಿಡ್ ಬಿಟ್ಟುಹೋಗುತ್ತದೆ. ದಿನಕ್ಕೆ 2 ಪಿಪಿಎಂ ಖರ್ಚಾಗುವ ಪೂಲ್‌ನಲ್ಲಿ ತಿಂಗಳಿಗೆ ಹದಿಮೂರು ಹದಿನಾಲ್ಕು ಬಿಲ್ಲೆ ಕರಗುತ್ತವೆ, 36 ಪಿಪಿಎಂ ಸಯನ್ಯೂರಿಕ್ ಆಸಿಡ್ ಸೇರುತ್ತದೆ.

ಸಯನ್ಯೂರಿಕ್ ಆಸಿಡ್ಡನ್ನೇ ಸ್ಟೆಬಿಲೈಸರ್ ಎನ್ನುವುದು. ಅದು ಬೇಕು, ಮಿತಿಯಲ್ಲಿ. ಅದಿಲ್ಲದ ತೆರೆದ ಪೂಲ್‌ನಲ್ಲಿ ನಡುಹಗಲ ಬಿಸಿಲು ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ತಿಂದುಹಾಕುತ್ತದೆ. 40 ಪಿಪಿಎಂ ಇದ್ದರೆ ಬಿಸಿಲಿಗೆ ಕೊಡೆ ಹಿಡಿದಂತೆ. 100 ದಾಟಿದರೆ ಅದೇ ಕೊಡೆ ಕ್ಲೋರಿನ್‌ನ ಕೈ ಕಟ್ಟುತ್ತದೆ. ಟೆಸ್ಟ್‌ನಲ್ಲಿ 3 ಪಿಪಿಎಂ ತೋರಿಸುತ್ತಿದ್ದರೂ ಗೋಡೆಯ ಮೇಲೆ ಪಾಚಿ ಹಬ್ಬುತ್ತಿರುತ್ತದೆ. ಫ್ರೀ ಕ್ಲೋರಿನ್ ಯಾವಾಗಲೂ ಸಯನ್ಯೂರಿಕ್ ಆಸಿಡ್‌ನ 7.5 ಶೇಕಡಾಕ್ಕಿಂತ ಮೇಲಿರಬೇಕು ಎಂದು ಇಟ್ಟುಕೊಳ್ಳಿ: 40ಕ್ಕೆ 3.

ಸಯನ್ಯೂರಿಕ್ ಆಸಿಡ್‌ನ ಪರೀಕ್ಷೆ ಕಣ್ಣಿನಿಂದಲೇ ಆಗುತ್ತದೆ. ಪೂಲ್ ನೀರಿಗೆ ಅಷ್ಟೇ ಪ್ರಮಾಣದ ಕಿಟ್‌ನ ದ್ರಾವಣ ಬೆರೆಸಿ ಅಲ್ಲಾಡಿಸಿದರೆ ಹಾಲು ಬೆರೆತಂತೆ ಮಬ್ಬಾಗುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕೆ ಇರುವ ಕೊಳವೆಗೆ ಮೇಲಿನಿಂದ ನೋಡುತ್ತಾ ಸ್ವಲ್ಪ ಸ್ವಲ್ಪವೇ ಹಾಕಬೇಕು. ಚುಕ್ಕೆ ಕಪ್ಪಿನಿಂದ ಬೂದಿಯಾಗಿ, ಅಂಚು ಕರಗಿ, ಕಾಣದಾಗುವ ಗಳಿಗೆಯಲ್ಲಿ ನಿಲ್ಲಿಸಿ ಪಕ್ಕದ ಅಂಕಿ ಓದಿ. ಬೆಳಕನ್ನು ಬೆನ್ನಿಗೆ ಹಾಕಿಕೊಂಡು, ಕೊಳವೆಯನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಚುಕ್ಕೆಯನ್ನೇ ದಿಟ್ಟಿಸಿದರೆ ಇಲ್ಲದ ಚುಕ್ಕೆಯೂ ಇದ್ದಂತೆ ಕಾಣುತ್ತದೆ, ಒಮ್ಮೆ ಕಣ್ಣು ತೆಗೆದು ಮತ್ತೆ ನೋಡಿ.

ಹಾಗಾಗಿ ನನ್ನ ಸಲಹೆ: ಮೊದಲ ಒಂದು ತಿಂಗಳು ಟಿಸಿಸಿಎ ಬಿಲ್ಲೆಯನ್ನು ತೇಲುವ ಡಬ್ಬಿಯಲ್ಲಿಟ್ಟು ಬಳಸಿ. ಸಯನ್ಯೂರಿಕ್ ಆಸಿಡ್ 40ರ ಹತ್ತಿರ ಬಂದ ಕೂಡಲೇ ಬಿಲ್ಲೆ ನಿಲ್ಲಿಸಿ ದ್ರವರೂಪದ ಸೋಡಿಯಂ ಹೈಪೊಕ್ಲೋರೈಟ್‌ಗೆ ಬದಲಾಯಿಸಿ. ಅದು ಸಯನ್ಯೂರಿಕ್ ಆಸಿಡ್ಡನ್ನೂ ಏರಿಸುವುದಿಲ್ಲ, ಗಡಸುತನವನ್ನೂ ಏರಿಸುವುದಿಲ್ಲ, ಸ್ವಲ್ಪ ಉಪ್ಪು ಸೇರಿಸುತ್ತದೆ ಅಷ್ಟೆ. 10 ಶೇಕಡಾದ್ದಾದರೆ 400 ಮಿಲಿಗೆ 1 ಪಿಪಿಎಂ, ದಿನದ ಖರ್ಚಿಗೆ 800 ಮಿಲಿ. ಸೂರ್ಯ ಮುಳುಗಿದ ಮೇಲೆ ಹಾಕಿ. ಕ್ಯಾನ್ ಬಿಸಿಲಲ್ಲಿ ಕೂತಷ್ಟೂ ಅದರ ಶಕ್ತಿ ಇಳಿಯುತ್ತದೆ, ಆದ್ದರಿಂದ ಎರಡು ಮೂರು ವಾರಕ್ಕೆ ಬೇಕಾದಷ್ಟೇ ತನ್ನಿ, ನೆರಳಲ್ಲಿಡಿ. ಹೊಸ ಕ್ಯಾನ್ ತೆರೆದ ದಿನ 400 ಮಿಲಿ ಹಾಕಿ ಅರ್ಧ ಗಂಟೆಗೆ ಅಳೆದರೆ ಚೀಟಿಯ ಮೇಲಿನ 10 ಶೇಕಡಾ ನಿಜವೋ ಅಲ್ಲವೋ ಗೊತ್ತಾಗುತ್ತದೆ. ಬಿಲ್ಲೆಯನ್ನು ನೇರ ಪೂಲ್ ತಳಕ್ಕೆ ಎಸೆಯಬೇಡಿ, ಟೈಲ್ಸ್ ಬಣ್ಣ ಹೋಗುತ್ತದೆ. ಸ್ಕಿಮ್ಮರ್‌ನಲ್ಲೂ (ಮೇಲ್ಮೈ ನೀರನ್ನು ಪಂಪಿಗೆ ಎಳೆಯುವ ಗೋಡೆಯ ಬಾಯಿ) ಇಡಬೇಡಿ, ಪಂಪ್ ನಿಂತಾಗ ಅಲ್ಲಿ ಸೇರುವ ಹುಳಿ ನೀರು ಮತ್ತೆ ಪಂಪ್ ಹಾಕಿದಾಗ ನೇರವಾಗಿ ಅದರೊಳಗೇ ಹೋಗುತ್ತದೆ.

ಪೂಲ್ ಹತ್ತಿರ ಹೋದರೆ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ, ಕಣ್ಣು ಉರಿಯುತ್ತದೆ ಎಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದಲ್ಲ, ಸಾಲದಾಗಿದೆ ಎಂದೇ ಸಾಮಾನ್ಯವಾಗಿ ಅರ್ಥ. ಆ ವಾಸನೆ ಕ್ಲೋರಮಿನ್‌ನದು, ಅಂದರೆ ಬೆವರು ಮೂತ್ರದ ಜೊತೆ ಸೇರಿ ಕೆಟ್ಟ ಕ್ಲೋರಿನ್‌ನದು. ಟೋಟಲ್‌ನಲ್ಲಿ ಫ್ರೀ ಕಳೆದು 0.5ಕ್ಕಿಂತ ಹೆಚ್ಚು ಬಂದರೆ ಶಾಕ್ ಮಾಡಬೇಕು, ಅಂದರೆ ಕ್ಲೋರಿನ್ ಒಮ್ಮೆಲೇ ಬಹಳಷ್ಟು ಏರಿಸಬೇಕು. ಮಕ್ಕಳನ್ನು ನೀರಿಗಿಳಿಸುವ ಮೊದಲು ಒಂದು ಸ್ನಾನ ಮಾಡಿಸಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಪೂಲ್ ಹಸಿರಾದರೂ ಮದ್ದು ಅದೇ ಶಾಕ್. ಪಿಎಚ್ ಮೊದಲೇ 7.2ಕ್ಕೆ ತನ್ನಿ, ಕ್ಲೋರಿನ್ ಏರಿದ ಮೇಲೆ ಅದನ್ನು ಅಳೆಯಲಾಗದು. ಸಯನ್ಯೂರಿಕ್ ಆಸಿಡ್‌ನ 40 ಶೇಕಡಾ, ಅಂದರೆ 40ಕ್ಕೆ 16 ಪಿಪಿಎಂವರೆಗೆ ಕ್ಲೋರಿನ್ ಏರಿಸಿ. ಸೊನ್ನೆಯಿಂದ ಶುರುವಾದರೆ 6.4 ಲೀಟರ್ ದ್ರವ. ಗೋಡೆ, ಮೆಟ್ಟಿಲಿನ ಸಂದಿ, ಲೈಟಿನ ಹಿಂಬದಿ ಬ್ರಷ್ ಹಾಕಿ ಉಜ್ಜಿ. ಇಳಿದಂತೆಲ್ಲ ಮತ್ತೆ 16ಕ್ಕೆ ತನ್ನಿ, ಪಂಪ್ ಹಗಲೂ ರಾತ್ರಿ ಓಡಲಿ. ನೀರು ತಿಳಿಯಾಗಿ, ರಾತ್ರಿ ಅಳೆದದ್ದಕ್ಕೂ ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಅಳೆದದ್ದಕ್ಕೂ 1 ಪಿಪಿಎಂಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಪಾಚಿ ಸತ್ತಿದೆ. ಅಲ್ಲಿಯವರೆಗೆ ಯಾರೂ ಇಳಿಯಬಾರದು. ಮೈಲುತುತ್ತ ಹಾಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಪಾಚಿ ಸಾಯುವುದು ನಿಜ, ಆದರೆ ತಾಮ್ರ ನೀರಿನಲ್ಲೇ ಉಳಿದು, ಪಿಎಚ್ ಏರಿದಾಗ ಗ್ರೌಟ್ ಮೇಲೆ ನೀಲಿ ಹಸಿರು ಕಲೆಯಾಗಿ ಕೂರುತ್ತದೆ, ತಿಳಿ ಬಣ್ಣದ ಕೂದಲಿಗೂ ಹಸಿರು ಹತ್ತುತ್ತದೆ. ನಾನು ಶಿಫಾರಸು ಮಾಡುವುದಿಲ್ಲ.

ಹೊಸದಾಗಿ ತುಂಬಿದ ತಿಳಿ ನೀರಿಗೆ ಕ್ಲೋರಿನ್ ಬಿದ್ದೊಡನೆ ಅದು ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಬೋರ್‌ವೆಲ್‌ನ ಕಬ್ಬಿಣ ಅದು. ಕರಗಿದ್ದ ಕಬ್ಬಿಣ ತುಕ್ಕಾಗಿ ಹೊರಬಂದಿದೆ. ರಾತ್ರಿ ಪಂಪ್ ನಿಲ್ಲಿಸಿ ತಳಕ್ಕೆ ಕೂರಲು ಬಿಡಿ, ಬೆಳಿಗ್ಗೆ ಫಿಲ್ಟರಿನ ಮಲ್ಟಿಪೋರ್ಟ್ ವಾಲ್ವ್ (ನೀರಿನ ದಾರಿ ಬದಲಿಸುವ ಹಿಡಿ) ವೇಸ್ಟ್‌ನಲ್ಲಿಟ್ಟು ವ್ಯಾಕ್ಯೂಮ್ ಮಾಡಿ ಹೊರಗೆ ಬಿಡಿ.

ನೀರು ಬರೀ ಮಬ್ಬಾಗಿದ್ದು ಎಲ್ಲ ಅಂಕಿಯೂ ಸರಿ ಇದ್ದರೆ ತಪ್ಪು ಫಿಲ್ಟರಿನದ್ದು. ಸ್ಯಾಂಡ್ ಫಿಲ್ಟರಿನ ಪ್ರೆಶರ್ ಗೇಜ್ ಶುಭ್ರವಾಗಿದ್ದಾಗಿನದಕ್ಕಿಂತ 8-10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯಿರಿ: ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಎರಡು ಮೂರು ನಿಮಿಷ, ಆಮೇಲೆ ಅರ್ಧ ನಿಮಿಷ ರಿನ್ಸ್. ಹಿಡಿ ತಿರುಗಿಸುವ ಮೊದಲು ಪಂಪ್ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಹರಿದು ನೀರು ಸದಾ ವೇಸ್ಟ್‌ಗೆ ಸೋರುತ್ತಿರುತ್ತದೆ. ಪಂಪ್ ದಿನಕ್ಕೆ 6ರಿಂದ 8 ಗಂಟೆ ಓಡಲಿ.

ಇಷ್ಟೆಲ್ಲ ಮಾಡಿದ ಮೇಲೂ ಆಲ್ಕಲಿನಿಟಿ, ಗಡಸುತನ ಮತ್ತೆ ಏರಲು ಕಾರಣ ಟಾಪ್ ಅಪ್ ನೀರು. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 32 ಚದರ ಮೀಟರ್ ಪೂಲ್‌ನಿಂದ 160 ಲೀಟರ್ ಹೋಯಿತು. ಹೋಗುವುದು ಶುದ್ಧ ನೀರು, ಉಪ್ಪು ಸುಣ್ಣ ಎಲ್ಲ ಹಿಂದೆಯೇ. ಆ ಜಾಗಕ್ಕೆ ಬೋರ್‌ವೆಲ್ ನೀರು ಬಿಟ್ಟರೆ ತಿಂಗಳಿಗೆ ಗಡಸುತನ 70, ಆಲ್ಕಲಿನಿಟಿ 36 ಪಿಪಿಎಂ ಏರುತ್ತದೆ. ಆಲ್ಕಲಿನಿಟಿ ಇಳಿಸಲು 3 ಲೀಟರ್ ಆಸಿಡ್ ಸಾಕು. ಗಡಸುತನಕ್ಕೆ ಒಳ್ಳೆಯ ಮದ್ದು ಮಳೆ ನೀರು. ಬೆಂಗಳೂರಿನಲ್ಲಿ 2,400 ಚದರಡಿ ಮೇಲಿನ ನಿವೇಶನದ ಮನೆಗಳಿಗೆ ಮಳೆಕೊಯ್ಲು ಹೇಗೂ ಕಡ್ಡಾಯ, ಪೂಲ್ ಇರುವ ಮನೆಯಲ್ಲಿ ಮಳೆ ನೀರಿನ ಸಂಪ್ ಇರಬಹುದು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಸೋಸಿದ ನೀರನ್ನು ಪೂಲ್‌ನ ಟಾಪ್ ಅಪ್‌ಗೆ ಮೀಸಲಿಡಿ. ರಾತ್ರಿ ತೆಳುವಾದ ಕವರ್ ಹೊದಿಸಿದರೆ ಆವಿಯಾಗುವುದೂ ಕಡಿಮೆ.

ರಾಸಾಯನಿಕ ಇಡುವ ಜಾಗದ ಬಗ್ಗೆ ಯಾವ ರಾಜಿಯೂ ಬೇಡ. ಹೈಪೊಕ್ಲೋರೈಟ್‌ಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಪಂಪ್ ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಎರಡೂ ಕ್ಲೋರಿನ್ ತಾನೇ ಎಂದು ಒಂದೇ ಡಬ್ಬಿಗೆ, ಒಂದೇ ಫೀಡರ್‌ಗೆ ಹಾಕಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಒಂದೊಂದಕ್ಕೂ ಬೇರೆ ಮಗ್, ಅದರ ಮೇಲೆ ದೊಡ್ಡದಾಗಿ ಹೆಸರು ಬರೆದಿರಲಿ. ಪೂಲ್ ನೋಡಿಕೊಳ್ಳುವ ಹುಡುಗ ಬದಲಾದಾಗಲೆಲ್ಲ ಇದನ್ನು ಎದುರಿಗೆ ನಿಂತು ತೋರಿಸಿಕೊಡಿ. ಆಸಿಡ್ ಕ್ಯಾನ್ ಪಂಪ್ ರೂಮಿನ ಹೊರಗೆ, ಮಕ್ಕಳ ಕೈಗೆ ಸಿಗದ ಬೀಗದ ಜಾಗದಲ್ಲಿರಲಿ. ಅದರ ಹೊಗೆಗೆ ಮೋಟರ್, ಪ್ಯಾನಲ್ ಬೋರ್ಡ್ ಎಲ್ಲ ತುಕ್ಕು ಹಿಡಿಯುತ್ತವೆ.

ಸಯನ್ಯೂರಿಕ್ ಆಸಿಡ್ 100 ದಾಟಿದರೆ ಮಾತ್ರ ನೀರು ಬದಲಾಯಿಸುವುದು ಅನಿವಾರ್ಯ. ಅದನ್ನು ಮಳೆಗಾಲ ಶುರುವಾಗುವ ಹೊತ್ತಿಗೆ ಇಟ್ಟುಕೊಳ್ಳಿ, ಒಮ್ಮೆಗೆ ಮೂರನೇ ಒಂದು ಭಾಗ ಮಾತ್ರ ತೆಗೆದು ಸಂಪಿನ ಮಳೆ ನೀರು ತುಂಬಿ. ಮಳೆ ಹಿಡಿದು ಅಂತರ್ಜಲ ಮೇಲೆ ಬಂದಿರುವಾಗ ಪೂಲ್ ಪೂರ್ತಿ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ತಳ ಬಿರುಕು ಬಿಡಬಹುದು, ಇಡೀ ತೊಟ್ಟಿಯೇ ಮೇಲೇಳಬಹುದು. ತೆಗೆದ ನೀರಿನಲ್ಲಿ ಕ್ಲೋರಿನ್ ಸೊನ್ನೆಯಾಗುವವರೆಗೆ ಬಿಸಿಲಿಗೆ ಬಿಟ್ಟು, ಆಮೇಲೆ ಅಂಗಳ ತೊಳೆಯಲು ಬಳಸಿ. ಇಂಗುಗುಂಡಿಗೆ ಮಾತ್ರ ಬಿಡಬೇಡಿ, ಅದು ಹೋಗಿ ಸೇರುವುದು ನಿಮ್ಮದೇ ಬೋರ್‌ವೆಲ್‌ಗೆ.